ಕಸ್ಟಮರ್ ‘ಪಾರ್ಟ್‌ನರ್’ ಅಂದಾಗ ಏನು ಕೊಡಬೇಕು, ಏನು ಕೇಳಬೇಕು?

ಓದುಗರ ಪ್ರಶ್ನೆ: ಪೀಣ್ಯದಲ್ಲಿ ನಾನು, ನಮ್ಮಣ್ಣ ಸೇರಿ ಒಂದು ಸಣ್ಣ ಮಷೀನ್ ಶಾಪ್ ನಡೆಸುತ್ತೇವೆ. ಆರು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕಡೆಯುವ ಮಷೀನ್), ಎರಡು ವಿಎಂಸಿ (ಮಿಲ್ಲಿಂಗ್, ಡ್ರಿಲ್ಲಿಂಗ್ ಮಾಡುವ ಮಷೀನ್). ಕಸ್ಟಮರ್ ನಾಲ್ಕು ಜನ. ಬೋರ್‌ವೆಲ್ ಪಂಪ್ ಮಾಡುವವರು, ಸಿಎನ್‌ಸಿ ಮಷೀನ್ ಮಾಡುವವರು, ಕಾರ್ ಕಂಪನಿಗೆ ಪಾರ್ಟ್ಸ್ ಕೊಡುವವರು, ಈ ವರ್ಷದಿಂದ ಏರೋಸ್ಪೇಸ್‌ನವರೊಬ್ಬರು. ಸಪ್ಲೈಯರ್ ಮೀಟ್‌ಗೆ ಹೋದರೆ ನಾಲ್ಕೂ ಕಡೆ ‘ನೀವು ನಮ್ಮ ಪಾರ್ಟ್‌ನರ್, ಕೊಲಾಬರೇಷನ್ ಬೇಕು’ ಅಂತಾರೆ. ಆದರೆ ಕೇಳುವುದು ಬೇರೆ ಬೇರೆ. ಪಂಪ್‌ನವರು ‘ನಮ್ಮ ಸ್ಟೋರ್ಸ್‌ನಲ್ಲಿ ನಿಮ್ಮ ಮಾಲು ಇಟ್ಟಿರಿ, ನಾವು ಬಳಸಿದಷ್ಟಕ್ಕೆ ಬಿಲ್ ಮಾಡಿ’ ಅಂತ ಅಗ್ರಿಮೆಂಟ್ ಕಳಿಸಿದ್ದಾರೆ. ಮಷೀನ್‌ನವರಿಗೆ ಲೀಡ್ ಟೈಮ್, ಅಂದರೆ ಆರ್ಡರ್ ಕೊಟ್ಟು ಮಾಲು ಸಿಗುವ ತನಕದ ಸಮಯ, ಅರ್ಧ ಆಗಬೇಕು. ಕಾರ್ ಪಾರ್ಟ್ಸ್‌ನವರದು ಕಾನ್‌ಬಾನ್ (ಅವರ ಕಾರ್ಡ್ ಬಂದಾಗ ಮಾಲು ತುಂಬುವ ಪದ್ಧತಿ), ಅವರಿಗೆ ಕಾಸ್ಟ್ ಬ್ರೇಕಪ್, ಅಂದರೆ ಬೆಲೆಯ ಬಿಡಿ ಬಿಡಿ ಲೆಕ್ಕ ಬೇಕು. ಏರೋಸ್ಪೇಸ್‌ನವರು ಡ್ರಾಯಿಂಗ್ ಮುಗಿಯುವ ಮೊದಲೇ ಮೀಟಿಂಗ್‌ಗೆ ಕರೆಯುತ್ತಾರೆ, ಅದಕ್ಕೆ ದುಡ್ಡಿಲ್ಲ. ಎಲ್ಲರಿಗೂ ಹೂಂ ಅನ್ನಬೇಕಾ? ಯಾರ ಹತ್ತಿರ ಎಷ್ಟು ಹೇಳಿಕೊಳ್ಳಬೇಕು?

ಉತ್ತರ:

ಮೊದಲಿಗೇ ಹೇಳಿಬಿಡುತ್ತೇನೆ, ಎಲ್ಲರಿಗೂ ಹೂಂ ಅನ್ನಬೇಡಿ. ಹಾಗಂತ ಎಲ್ಲರಿಗೂ ಒಂದೇ ಥರ ಇಲ್ಲ ಅಂದರೂ ನಷ್ಟ ನಿಮಗೇ. ನಾಲ್ವರೂ ಒಂದೇ ಮಾತು ಬಳಸುತ್ತಿದ್ದಾರೆ, ಆದರೆ ನಾಲ್ವರ ಕಾರ್ಖಾನೆ ನಡೆಯುವ ರೀತಿ ಬೇರೆ. ಅದು ಗೊತ್ತಾದರೆ ಯಾರ ಬೇಡಿಕೆ ನ್ಯಾಯವಾದದ್ದು, ಯಾರು ಸುಮ್ನೆ ತಮ್ಮ ಭಾರವನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂತ ತಾನಾಗಿ ಕಾಣುತ್ತದೆ.

ಪ್ರತಿಯೊಬ್ಬ ಕಸ್ಟಮರ್ ಬಗ್ಗೆಯೂ ಒಂದು ವಿಷಯ ಪತ್ತೆ ಮಾಡಿ. ಅವರ ಗಿರಾಕಿ ಬಂದು ‘ನನಗೆ ಒಂದು ಕೊಡಿ’ ಅಂದಾಗ ಅವರ ಹತ್ತಿರ ಏನು ರೆಡಿ ಇರುತ್ತದೆ? ನಮ್ಮ ದರ್ಶಿನಿಗಳಲ್ಲಿ ಇಡ್ಲಿ ಬೇಯಿಸಿಯೇ ಇಟ್ಟಿರುತ್ತಾರೆ. ಮಸಾಲೆ ದೋಸೆಗೆ ಹಿಟ್ಟು, ಪಲ್ಯ ರೆಡಿ, ಚೀಟಿ ಬಂದ ಮೇಲೆ ಕಾವಲಿಗೆ ಹುಯ್ಯುತ್ತಾರೆ. ಮದುವೆ ಊಟವಾದರೆ ಮೆನು ಕೂತು ಮಾತಾಡಿ ಒಪ್ಪುವ ತನಕ ತರಕಾರಿಯನ್ನೂ ತರುವುದಿಲ್ಲ. ತೆಂಗಿನಕಾಯಿ ಹಾಕುವವನು ಒಬ್ಬನೇ ಇರಬಹುದು, ಆದರೆ ಮೂರೂ ಕಡೆಯಿಂದ ಅವನು ಕೇಳಿ ತಿಳಿದುಕೊಳ್ಳಬೇಕಾದ ಸುದ್ದಿ ಬೇರೆ ಬೇರೆ.

ನಿಮ್ಮ ಪಂಪ್‌ನವರು ಇಡ್ಲಿ ಕೇಸು. ಮಾಡಿ ಸ್ಟಾಕ್ ಇಡುತ್ತಾರೆ, ಇಂಗ್ಲಿಷಿನಲ್ಲಿ ಮೇಕ್ ಟು ಸ್ಟಾಕ್ ಅನ್ನುವುದು. ಮಷೀನ್‌ನವರದು ದೋಸೆ, ಅಸೆಂಬಲ್ ಟು ಆರ್ಡರ್. ಏರೋಸ್ಪೇಸ್ ಮದುವೆ ಊಟ, ಎಂಜಿನಿಯರ್ ಟು ಆರ್ಡರ್. ಕಾನ್‌ಬಾನ್‌ನವರು ನಡುವೆ ಎಲ್ಲೋ ಇದ್ದಾರೆ, ಅವರ ಕಥೆ ಆಮೇಲೆ.

ಪಂಪ್‌ನಿಂದ ಶುರು ಮಾಡೋಣ, ಅಗ್ರಿಮೆಂಟ್ ಇರುವುದು ಅಲ್ಲೇ ಅಲ್ವಾ.

ಸ್ಟಾಕ್‌ಗೆ ಮಾಡುವವರ ದೊಡ್ಡ ಕಾಯಿಲೆ ಅಂದರೆ ಆರ್ಡರ್ ಕುಣಿಯುವುದು. ರೈತ ಕೊಳ್ಳುವುದು ಸ್ವಲ್ಪ ಏರುಪೇರಾದರೆ ನಿಮ್ಮ ಶೆಡ್ಯೂಲ್ ಪೂರ್ತಿ ಅಲ್ಲಾಡುತ್ತದೆ. ಲೆಕ್ಕ ಹಾಕಿ ನೋಡಿ. ಡೀಲರ್ ವಾರಕ್ಕೆ 100 ಪಂಪ್ ಮಾರುತ್ತಾನೆ, ನಾಲ್ಕು ವಾರದ ಸ್ಟಾಕ್ ಅಂದರೆ 400 ಇಡುತ್ತಾನೆ. ಪಂಪ್ ಕಂಪನಿಯೂ ಹಾಗೇ ನಾಲ್ಕು ವಾರದ್ದು ಇಡುತ್ತದೆ. ಒಂದು ವಾರ ಬಿಸಿಲು ಜಾಸ್ತಿಯಾಗಿ 120 ಮಾರಾಟವಾಯಿತು. ಡೀಲರ್‌ಗೆ ಈಗ ನಾಲ್ಕು ವಾರದ ಸ್ಟಾಕ್ ಅಂದರೆ 480. ಮಾರಿದ 120, ಜೊತೆಗೆ ಸ್ಟಾಕ್ ಏರಿಸಲು 80, ಒಟ್ಟು 200ಕ್ಕೆ ಆರ್ಡರ್ ಹಾಕುತ್ತಾನೆ. ಕಂಪನಿಯ ಪ್ಲಾನಿಂಗ್‌ನವರಿಗೆ ಕಾಣುವುದು ಈ 200 ಮಾತ್ರ. ‘ಓಹೋ, ಡಿಮ್ಯಾಂಡ್ ಡಬಲ್ ಆಯ್ತು’ ಅಂತ ಅವರು ತಮ್ಮ ಸ್ಟಾಕನ್ನು 800ಕ್ಕೆ ಏರಿಸಲು ಹೊರಡುತ್ತಾರೆ. ಕಳಿಸಿದ 200, ಏರಿಸಲು 400, ನಿಮಗೆ ಬರುವ ಶೆಡ್ಯೂಲ್ 600. ರೈತ ಹೆಚ್ಚಿಗೆ ಕೊಂಡದ್ದು 20!

ಮುಂದಿನ ವಾರ ಡೀಲರ್ 120ಕ್ಕೇ ಇಳಿಯುತ್ತಾನೆ. ಕಂಪನಿ ತನ್ನ ಸ್ಟಾಕ್ ನೋಡಿಕೊಂಡು ಗಾಬರಿಯಾಗುತ್ತದೆ. ನಿಮಗೆ ಎರಡು ವಾರ ಸೊನ್ನೆ, ಮೂರನೇ ವಾರ 40. ನೀವು ಭಾನುವಾರ ಓವರ್‌ಟೈಮ್ ಕೊಟ್ಟು ಮಾಡಿಟ್ಟ ಮಾಲು ಕ್ರೇಟಿನಲ್ಲಿ ಕೂತಿರುತ್ತದೆ. ಯಾರೂ ಮೋಸ ಮಾಡಲಿಲ್ಲ, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ 1960ರ ಸುಮಾರಿಗೇ ಇದನ್ನು ತೋರಿಸಿದ್ದರು. ಆಮೇಲೆ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನವರು ಡೈಪರ್‌ನಲ್ಲಿ ಇದನ್ನೇ ಕಂಡರು. ಮಗು ದಿನಾ ಒದ್ದೆ ಮಾಡುವುದು ಹೆಚ್ಚು ಕಡಿಮೆ ಅಷ್ಟೇ, ಆದರೆ ಕಾರ್ಖಾನೆಗೆ ಬರುವ ಆರ್ಡರ್ ಮಾತ್ರ ಏರಿಳಿಯುತ್ತಲೇ ಇರುತ್ತದೆ. 1980ರ ದಶಕದ ಕೊನೆಗೆ ಅವರು ವಾಲ್‌ಮಾರ್ಟ್ ಜೊತೆ ಸೇರಿ ಒಂದು ಕೆಲಸ ಮಾಡಿದರು. ಅಂಗಡಿ ಕಳಿಸುವ ಆರ್ಡರನ್ನು ಕಾಯುವ ಬದಲು, ಅಂಗಡಿಯ ಮಾರಾಟದ ಲೆಕ್ಕವನ್ನೇ ನೋಡಿ ತಾವೇ ಮಾಲು ತುಂಬುವುದು.

ನಿಮಗೆ ಬಂದಿರುವ ಅಗ್ರಿಮೆಂಟ್ ಅದರದೇ ಸಣ್ಣ ನಕಲು. ಆದರೆ ಒಂದು ಮುಖ್ಯ ವಸ್ತು ಅದರಲ್ಲಿ ಇದೆಯಾ ನೋಡಿ. ಪ್ರಾಕ್ಟರ್‌ಗೆ ಮಾರಾಟದ ಲೆಕ್ಕ ಸಿಗುತ್ತಿತ್ತು. ನಿಮಗೆ ಏನು ಸಿಗುತ್ತದೆ? ಸ್ಟಾಕ್ ನಿಮ್ಮದು, ಜಾಗ ಅವರದು, ಎಷ್ಟು ಬಳಸುತ್ತಾರೆ ಅನ್ನುವುದು ತಿಂಗಳ ಕೊನೆಗೆ ಮಾತ್ರ ತಿಳಿಯುತ್ತದೆ ಅಂದರೆ ಅದಕ್ಕೆ ಕೊಲಾಬರೇಷನ್ ಅನ್ನಬೇಡಿ, ಬಡ್ಡಿಯಿಲ್ಲದ ಸಾಲ ಅನ್ನಿ.

ಎಷ್ಟು ಸಾಲ ಅಂತಲೂ ನೋಡೋಣ. 180 ರೂಪಾಯಿಯ ಶಾಫ್ಟ್, ಅವರ ಸ್ಟೋರ್ಸ್‌ನಲ್ಲಿ ಯಾವಾಗಲೂ 3,000 ಪೀಸ್ ಇರಬೇಕು ಅಂದುಕೊಳ್ಳಿ. 5 ಲಕ್ಷ 40 ಸಾವಿರ ಅಲ್ಲಿ ಮಲಗಿತು. ನಿಮ್ಮ ಬ್ಯಾಂಕ್ ಓಡಿಗೆ (ಓವರ್‌ಡ್ರಾಫ್ಟ್ ಸಾಲಕ್ಕೆ) ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಅಂದರೆ 64,800. ವರ್ಷಕ್ಕೆ 24,000 ಪೀಸ್ ಹೋಗುತ್ತದೆ ಅಂದರೆ ಪೀಸಿಗೆ 2 ರೂಪಾಯಿ 70 ಪೈಸೆ. ನಿಮ್ಮ ಮಾರ್ಜಿನ್ ಎಷ್ಟು ಅಂತ ನನಗಿಂತ ನಿಮಗೆ ಗೊತ್ತು. ಈ 2.70 ಬೆಲೆಯಲ್ಲಿ ಸೇರಬೇಕು, ಇಲ್ಲವೇ ಅದಕ್ಕೆ ಬದಲಾಗಿ ಅಷ್ಟೇ ಬೆಲೆ ಬಾಳುವ ಇನ್ನೇನಾದರೂ ಸಿಗಬೇಕು. ಅಂಥದ್ದು ಸಿಗಲು ಸಾಧ್ಯವಿದೆ ಅನ್ನುವುದೇ ಇಲ್ಲಿ ಖುಷಿಯ ವಿಷಯ. ದಿನದ ಬಳಕೆ ನಿಮಗೆ ಕಂಡರೆ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅನ್ನುವ ಗೆರೆಯೊಳಗೆ ಯಾವಾಗ ಮಾಡಬೇಕು ಅನ್ನುವ ತೀರ್ಮಾನ ನಿಮ್ಮ ಕೈಗೆ ಬರುತ್ತದೆ. ಒಂದೇ ಸೆಟ್ಟಿಂಗ್‌ನಲ್ಲಿ ದೊಡ್ಡ ಬ್ಯಾಚ್ ಓಡಿಸಬಹುದು. ‘ನಾಳೆ ಬೆಳಿಗ್ಗೆ ಬೇಕು’ ಅನ್ನುವ ಫೋನ್ ನಿಲ್ಲುತ್ತದೆ. ಹೀಗೆ ಉಳಿಯುವ ಸೆಟ್ಟಿಂಗ್ ಸಮಯ ಬಡ್ಡಿಗಿಂತ ಜಾಸ್ತಿ ಇದ್ದರೆ ಸಹಿ ಹಾಕಿ. ಬಳಕೆಯ ಲೆಕ್ಕ ಕೊಡಲ್ಲ ಅಂದರೆ ಹಾಕಬೇಡಿ.

ಬೋರ್‌ವೆಲ್ ಪಂಪ್‌ಗೆ ಸೀಸನ್ ಇದೆ ಅನ್ನುವುದನ್ನೂ ಮರೆಯಬೇಡಿ. ಬೇಸಿಗೆಯಲ್ಲಿ ಏರಿ, ಮಳೆ ಹಿಡಿದ ಮೇಲೆ ಇಳಿಯುತ್ತದೆ. 3,000 ಅನ್ನುವ ಸಂಖ್ಯೆ ಏಪ್ರಿಲ್‌ಗೆ ಸರಿ ಇರಬಹುದು, ಆಗಸ್ಟ್‌ಗೆ ಅದು ಹುಚ್ಚು. ಗರಿಷ್ಠ ಮಿತಿಯನ್ನು ಮೂರು ತಿಂಗಳಿಗೊಮ್ಮೆ ಕೂತು ಬದಲಿಸುವ ಷರತ್ತು ಹಾಕಿಸಿ.

ಇನ್ನು ಮಷೀನ್ ಮಾಡುವವರು. ಇವರದು ನನಗೆ ತುಂಬ ಇಷ್ಟವಾದ ಕೇಸು, ಯಾಕಂದರೆ ಇಲ್ಲಿ ಸಣ್ಣ ಸಪ್ಲೈಯರ್‌ಗೆ ತಲೆ ಓಡಿಸಲು ಜಾಗ ಇದೆ.

ಸಿಎನ್‌ಸಿ ಲೇತ್ ಕೊಳ್ಳುವವನು ಕಂಟ್ರೋಲರ್ ಯಾವುದು, ಚಕ್ ಸೈಜ್ ಎಷ್ಟು, ಟರೆಟ್ ಎಂಥದ್ದು ಅಂತ ಆರಿಸುತ್ತಾನೆ. ಆದರೆ ಬೆಡ್, ಹೆಡ್‌ಸ್ಟಾಕ್ ಬಹುತೇಕ ಅದೇ. ಅಂದರೆ ಮಷೀನ್‌ನವರಿಗೆ ಒಟ್ಟು ಎಷ್ಟು ಲೇತ್ ಹೋಗುತ್ತದೆ ಅಂತ ಅಂದಾಜು ಹೇಳುವುದು ಸುಲಭ, ಯಾವ ಆಪ್ಷನ್ ಎಷ್ಟು ಅಂತ ಹೇಳುವುದು ಕಷ್ಟ. ಅವರು ನಿಮಗೆ ಪಾರ್ಟ್ ನಂಬರ್‌ವಾರು ಫೋರ್‌ಕಾಸ್ಟ್ ಕಳಿಸುತ್ತಿದ್ದರೆ ಅದು ತಪ್ಪಾಗಿಯೇ ಇರುತ್ತದೆ, ಅವರನ್ನು ಬೈದು ಪ್ರಯೋಜನವಿಲ್ಲ. ‘ಪಾರ್ಟ್‌ವಾರು ಬೇಡ, ಫ್ಯಾಮಿಲಿವಾರು ಕೊಡಿ’ ಅಂತ ಕೇಳಿ.

ಲೀಡ್ ಟೈಮ್ ಅರ್ಧ ಮಾಡುವ ದಾರಿ ಅಲ್ಲೇ ಇದೆ. ಮೂರು ಬಗೆಯ ಚಕ್ ಅಡಾಪ್ಟರ್ ಫ್ಲ್ಯಾಂಜ್ ಕೊಡುತ್ತೀರಿ ಅಂದುಕೊಳ್ಳಿ. ಮೂರಕ್ಕೂ ಒಂದೇ ಹೊರ ವ್ಯಾಸ, ಒಂದೇ ದಪ್ಪ, ಒಳಗಿನ ಬೋರ್ ಮತ್ತು ತೂತುಗಳ ಪಿಸಿಡಿ (ತೂತುಗಳು ಕೂರುವ ವೃತ್ತದ ವ್ಯಾಸ) ಮಾತ್ರ ಬೇರೆ. ಈಗ ನೀವು ಆರ್ಡರ್ ಬಂದ ಮೇಲೆ ಬಾರ್ ಕಟ್ ಮಾಡುವುದರಿಂದ ಶುರು ಮಾಡುತ್ತೀರಿ. ಅದರ ಬದಲು ಹೊರಗಡೆ ಟರ್ನ್ ಮಾಡಿ, ಫೇಸ್ ಮಾಡಿ, ಬೋರನ್ನು ಮೂರರಲ್ಲಿ ಚಿಕ್ಕದಕ್ಕಿಂತ 2-3 ಮಿಲಿಮೀಟರ್ ಸಣ್ಣದಾಗಿಯೇ ಬಿಟ್ಟು, ತೂತು ಹಾಕದೆ, ಎಣ್ಣೆ ಸವರಿ ರ‍್ಯಾಕ್‌ನಲ್ಲಿ ಇಡಿ. ಆರ್ಡರ್ ಬಂದ ದಿನ ಫೈನಲ್ ಬೋರ್ ಮತ್ತು ಡ್ರಿಲ್ಲಿಂಗ್ ಮಾತ್ರ. ಮೂರು ಬಗೆಗೂ ಒಂದೇ ಸ್ಟಾಕ್ ಸಾಕು. ಯಾವುದು ಜಾಸ್ತಿ ಹೋಗುತ್ತದೋ ಅನ್ನುವ ಚಿಂತೆಯೇ ಇಲ್ಲ. ಪಾರ್ಟ್ ಹಾರ್ಡನಿಂಗ್ ಆಗಬೇಕಿದ್ದರೆ ಮಾತ್ರ ಹುಷಾರು, ತೂತು ಹಾಕುವುದು ಹಾರ್ಡನಿಂಗ್‌ಗೆ ಮೊದಲೇ ಆಗಬೇಕು, ಆಗ ಹೀಟ್ ಟ್ರೀಟ್‌ಮೆಂಟ್‌ನವರ ಕ್ಯೂ ಕೂಡ ಆರ್ಡರ್ ಬಂದ ನಂತರದ ಲೆಕ್ಕಕ್ಕೆ ಸೇರುತ್ತದೆ. ಅಂಥ ಪಾರ್ಟ್‌ಗೆ ಅರ್ಧ ಲೀಡ್ ಟೈಮ್ ಒಪ್ಪಿಕೊಳ್ಳಬೇಡಿ.

ಎಚ್‌ಪಿಯವರು ಡೆಸ್ಕ್‌ಜೆಟ್ ಪ್ರಿಂಟರ್‌ನಲ್ಲಿ ಮಾಡಿದ್ದೂ ಇದನ್ನೇ. ಅಮೆರಿಕದ ವ್ಯಾಂಕೂವರ್ ಊರಿನ ಕಾರ್ಖಾನೆಯಿಂದ ಯುರೋಪಿಗೆ ಹಡಗಿನಲ್ಲಿ ಕಳಿಸಲು ಒಂದು ತಿಂಗಳು ಹಿಡಿಯುತ್ತಿತ್ತು. ಜರ್ಮನಿಯದು ಮಿಕ್ಕಿರುತ್ತಿತ್ತು, ಫ್ರಾನ್ಸಿನದು ಇರುತ್ತಿರಲಿಲ್ಲ. ಪ್ರಿಂಟರ್ ಒಂದೇ, ಬೇರೆ ಇದ್ದದ್ದು ಪವರ್ ಸಪ್ಲೈ ಮತ್ತು ಕೈಪಿಡಿಯ ಭಾಷೆ. ಅವೆರಡನ್ನು ಯುರೋಪಿನ ಗೋಡೌನ್‌ನಲ್ಲೇ ಸೇರಿಸೋಣ ಅಂತ ಮಾಡಿದ ಮೇಲೆ ಸ್ಟಾಕ್ ಇಳಿಯಿತು. ಆದರೆ ಇದನ್ನು ಒಬ್ಬರೇ ಮಾಡಲು ಆಗಲ್ಲ ಅನ್ನುವುದನ್ನು ಗಮನಿಸಿ. ಪವರ್ ಸಪ್ಲೈ ಹೊರಗಿನಿಂದ ಸುಲಭವಾಗಿ ಸೇರಿಸುವಂತೆ ಡಿಸೈನ್ ಇರಬೇಕು. ನಿಮ್ಮ ಫ್ಲ್ಯಾಂಜ್‌ನಲ್ಲೂ ಅಷ್ಟೇ, ಎರಡರ ದಪ್ಪ 22, ಒಂದರದು 24 ಇದ್ದರೆ ಡಿಸೈನ್‌ನವರ ಹತ್ತಿರ ಕೂತು ‘ಮೂರನ್ನೂ 24 ಮಾಡಬಹುದಾ’ ಅಂತ ಕೇಳಬೇಕು. ಪರ್ಚೇಸ್‌ನವರ ಹತ್ತಿರ ಈ ಮಾತು ಆಡಿ ಲಾಭವಿಲ್ಲ, ಅವರಿಗೆ ಕಾಣುವುದು ಎರಡು ಮಿಲಿಮೀಟರ್ ಮೆಟೀರಿಯಲ್ ಜಾಸ್ತಿ ಆಯಿತು ಅನ್ನುವುದಷ್ಟೇ.

ಮತ್ತೆ, ಆ ಅರ್ಧ ಮಾಡಿದ ಬ್ಲ್ಯಾಂಕ್‌ಗಳ ಜವಾಬ್ದಾರಿ ಯಾರದು? ಮಾಡೆಲ್ ನಿಂತುಹೋದರೆ? ಇಷ್ಟು ಪೀಸ್ ತನಕ ನಾವು ತೆಗೆದುಕೊಳ್ಳುತ್ತೇವೆ ಅಂತ ಅವರು ಮೇಲ್‌ನಲ್ಲಾದರೂ ಬರೆದುಕೊಡಬೇಕು. ಲೀಡ್ ಟೈಮ್ ಅರ್ಧ ಬೇಕು, ಬ್ಲ್ಯಾಂಕ್ ಜವಾಬ್ದಾರಿ ಬೇಡ ಅನ್ನುವುದು ಎಲ್ಲೂ ನಡೆಯದ ಮಾತು.

ಈಗ ಕಾನ್‌ಬಾನ್. ನಮ್ಮಲ್ಲಿ ಈ ಪದವನ್ನು ಮನಸ್ಸಿಗೆ ಬಂದಂತೆ ಬಳಸುತ್ತಾರೆ. ಬಿನ್ ಖಾಲಿ ಆದಾಗ ಕಾರ್ಡ್ ಬರುತ್ತದೆ, ನೀವು ತುಂಬುತ್ತೀರಿ, ನೋಡಲು ಇಷ್ಟೇ. ಇದು ನಡೆಯಬೇಕಾದರೆ ಕಸ್ಟಮರ್ ತನ್ನ ಉತ್ಪಾದನೆಯನ್ನು ಮೊದಲು ಸಮತಟ್ಟು ಮಾಡಿಕೊಂಡಿರಬೇಕು. ಟೊಯೋಟಾ ವಿಧಾನದಲ್ಲಿ ಎ, ಬಿ, ಸಿ ಮಾಡೆಲ್‌ಗಳನ್ನು ದಿನವೂ ಬೆರೆಸಿ ಮಾಡುತ್ತಾರೆ. ಸೋಮವಾರ ಪೂರ್ತಿ ಎ, ಮಂಗಳವಾರ ಪೂರ್ತಿ ಬಿ ಅಂತ ಮಾಡಲ್ಲ. ಜೊತೆಗೆ ಸಪ್ಲೈಯರ್‌ಗೆ ಮುಂದಿನ ತಿಂಗಳುಗಳ ಅಂದಾಜು ಮೊದಲೇ ಹೋಗಿರುತ್ತದೆ, ಕಾರ್ಡ್ ಹೇಳುವುದು ಇವತ್ತಿನ ಸಣ್ಣ ಹೊಂದಾಣಿಕೆಯನ್ನು ಮಾತ್ರ. ಬಿಡದಿಯಲ್ಲಿ 1999ರ ಕೊನೆಗೆ ಟೊಯೋಟಾ ಕಾರು ಮಾಡಲು ಶುರುವಾದಾಗ ಎಷ್ಟೋ ಸಪ್ಲೈಯರ್‌ಗಳು ಕಾರ್ಖಾನೆಯ ಪಕ್ಕಕ್ಕೇ ಬಂದು ಕೂತದ್ದಕ್ಕೂ ಇದೇ ಕಾರಣ. ಸ್ವಲ್ಪ ಸ್ವಲ್ಪವೇ, ಪದೇ ಪದೇ ಕೊಡಬೇಕಾದಾಗ ದೂರ ಇದ್ದರೆ ಆಗಲ್ಲ.

ನಿಮ್ಮ ಕಸ್ಟಮರ್ ತಿಂಗಳ ಮೊದಲ ಎರಡು ವಾರ ಮಲಗಿ, ಕೊನೆಯ ವಾರ ಡಬಲ್ ಶಿಫ್ಟ್ ಓಡಿಸುವವರಾದರೆ ಅವರ ಕಾರ್ಡ್‌ಗೆ ಅರ್ಥವಿಲ್ಲ. ಅವರ ಸ್ಟಾಕ್ ನಿಮ್ಮ ಶೆಡ್ಡಿಗೆ ಬಂದು ಕೂತಿದೆ, ಅಷ್ಟೇ. ಪರೀಕ್ಷೆ ಸುಲಭ. ಮೂರು ತಿಂಗಳ ಡಿಸಿ (ಡೆಲಿವರಿ ಚಲನ್) ತೆಗೆದು ದಿನಕ್ಕೆ ಎಷ್ಟು ಹೋಗಿದೆ ಅಂತ ಒಂದು ಗ್ರಾಫ್ ಹಾಕಿ. ಹೆಚ್ಚು ಕಡಿಮೆ ಸಮವಾಗಿದ್ದರೆ ಒಳ್ಳೆಯ ಕಸ್ಟಮರ್, ಬಿಡಬೇಡಿ, ಎರಡು ಮಷೀನ್ ಅವರಿಗೇ ಮೀಸಲಿಡಿ. ಕೊನೇ ವಾರ ಗೋಪುರದ ಹಾಗೆ ಏರಿದ್ದರೆ ಅದೇ ಗ್ರಾಫನ್ನು ಅವರ ಮುಂದೆ ಇಟ್ಟು ಮಾತಾಡಿ.

ಕಾಸ್ಟ್ ಬ್ರೇಕಪ್ ಕೇಳಿದ್ದಾರೆ ಅಂದಿರಿ. ಕೊಡಿ, ಆದರೆ ಅರ್ಥ ಮಾಡಿಕೊಂಡು ಕೊಡಿ. ಕಚ್ಚಾ ತೂಕ, ಫಿನಿಷ್ ತೂಕ, ಸೈಕಲ್ ಟೈಮ್, ಮಷೀನ್ ಗಂಟೆ ದರ, ಟೂಲಿಂಗ್, ಪ್ಲೇಟಿಂಗ್. ಇವು ಅವರಿಗೆ ಅಂದಾಜು ಗೊತ್ತೇ ಇರುತ್ತವೆ, ಮುಚ್ಚಿಟ್ಟು ಲಾಭವಿಲ್ಲ. ಮೆಟೀರಿಯಲ್ ರೇಟ್ ಏರಿದಾಗ ಬೆಲೆ ತಿದ್ದಿಸಲು ಇದೇ ಕಾಗದ ನಿಮ್ಮ ಕೈ ಹಿಡಿಯುತ್ತದೆ. ಆದರೆ ಬೇರೆ ಕಸ್ಟಮರ್‌ನ ದರ, ಡ್ರಾಯಿಂಗ್, ಹೆಸರು ಯಾವುದೂ ಬಾಯಿಂದ ಬರಬಾರದು. ಸೈಕಲ್ ಟೈಮ್ ಕಡಿಮೆ ಮಾಡಿದರೆ ಉಳಿತಾಯ ಹೇಗೆ ಹಂಚಿಕೊಳ್ಳುವುದು ಅಂತ ಮೊದಲೇ ಕೇಳಿ. ಫಿಕ್ಸ್ಚರ್ ನೀವು ಮಾಡಿದಿರಿ, 20 ಸೆಕೆಂಡ್ ಉಳಿಸಿದಿರಿ, ಮುಂದಿನ ವರ್ಷ ಅವರು ಅಷ್ಟನ್ನೂ ಬೆಲೆಯಿಂದ ಕತ್ತರಿಸಿದರು ಅಂದರೆ ಅದರ ಮುಂದಿನ ವರ್ಷ ನೀವು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ನಿಜವಾದ ಪಾರ್ಟ್‌ನರ್ ಅಂದರೆ ಹೇಗಿರುತ್ತದೆ ಅಂತ ನೋಡಬೇಕಾದರೆ 1997ರ ಫೆಬ್ರವರಿ 1ರ ಕಥೆ ಕೇಳಿ. ಜಪಾನಿನ ಕರಿಯಾ ಊರಿನಲ್ಲಿ ಐಸಿನ್ ಕಂಪನಿಯ ಒಂದು ಪ್ಲಾಂಟ್ ಬೆಂಕಿಗೆ ಸಿಕ್ಕಿತು. ಟೊಯೋಟಾ ಕಾರಿನ ಬ್ರೇಕ್‌ಗೆ ಬೇಕಾದ ಪಿ ವಾಲ್ವ್ ಅನ್ನುವ ಸಣ್ಣ ಭಾಗ ಬಹುತೇಕ ಪೂರ್ತಿ ಅಲ್ಲೇ ತಯಾರಾಗುತ್ತಿತ್ತು. ಟೊಯೋಟಾ ಹತ್ತಿರ ಇದ್ದದ್ದು ಕೆಲವೇ ಗಂಟೆಗಳ ಸ್ಟಾಕ್. ಜಪಾನಿನ ಅವರ ಪ್ಲಾಂಟ್‌ಗಳು ಹೆಚ್ಚು ಕಡಿಮೆ ಎಲ್ಲವೂ ನಿಂತವು. ಆಗ ಸುಮಾರು 200 ಕಂಪನಿಗಳು ಸೇರಿಕೊಂಡವು. ಐಸಿನ್ ಡ್ರಾಯಿಂಗ್‌ಗಳನ್ನು ಹಂಚಿತು. ಹೊಲಿಗೆ ಮಷೀನ್ ಮಾಡುವ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡಲು ಕೂತಿತು. ಕೆಲವೇ ದಿನಗಳಲ್ಲಿ ಮೊದಲ ವಾಲ್ವ್‌ಗಳು ಬಂದವು, ಒಂದು ವಾರದ ಸುಮಾರಿಗೆ ಲೈನ್‌ಗಳು ಮತ್ತೆ ಓಡಿದವು. ಆ ಹೊತ್ತಿನಲ್ಲಿ ಯಾರೂ ದರ ಮಾತಾಡಲಿಲ್ಲ. ಆದರೆ ಆಮೇಲೆ ಐಸಿನ್ ಖರ್ಚು ಕೊಟ್ಟಿತು, ಟೊಯೋಟಾ ಕೂಡ ತನ್ನ ನೇರ ಸಪ್ಲೈಯರ್‌ಗಳಿಗೆ ಹಣ ಕೊಟ್ಟಿತು. ಸಹಾಯ ಮಾಡಿದವರು ಯಾಕೆ ಕೇಳದೆ ಬಂದರು ಅನ್ನುವುದಕ್ಕೆ ಉತ್ತರ ಇಲ್ಲಿದೆ, ಹಿಂದೆಯೂ ತಮ್ಮನ್ನು ಸರಿಯಾಗಿ ನಡೆಸಿಕೊಂಡಿದ್ದಾರೆ, ಮುಂದೆಯೂ ನಡೆಸಿಕೊಳ್ಳುತ್ತಾರೆ ಅನ್ನುವ ಲೆಕ್ಕ ಅವರ ತಲೆಯಲ್ಲಿತ್ತು.

ಇನ್ನೊಂದು ವಿಷಯ. ಸ್ಟಾಕ್ ಇಡುವುದೇ ಪಾಪ ಅಂತ ಟೊಯೋಟಾ ಹೆಸರು ಹೇಳಿ ನಿಮಗೆ ಪಾಠ ಮಾಡುವವರು ಇರುತ್ತಾರೆ. 2011ರ ಭೂಕಂಪದ ನಂತರ ಅದೇ ಟೊಯೋಟಾ ಚಿಪ್‌ಗಳ ವಿಷಯದಲ್ಲಿ ಸಪ್ಲೈಯರ್‌ಗಳಿಗೆ ಎರಡರಿಂದ ಆರು ತಿಂಗಳ ಸ್ಟಾಕ್ ಇಡಲು ಹೇಳಿತು. 2021ರ ಆರಂಭದಲ್ಲಿ ಚಿಪ್ ಸಿಗದೆ ಬೇರೆ ಕಾರ್ ಕಂಪನಿಗಳು ಲೈನ್ ನಿಲ್ಲಿಸುತ್ತಿದ್ದಾಗ ಇವರಿಗೆ ಅದು ಸ್ವಲ್ಪ ಕಾಲ ನೆರವಾಯಿತು. ಬೇಗ ಸಿಗುವ ಭಾಗಕ್ಕೆ ಕಾನ್‌ಬಾನ್, ತಿಂಗಳುಗಟ್ಟಲೆ ಹಿಡಿಯುವ ಭಾಗಕ್ಕೆ ಸ್ಟಾಕ್. ಒಂದೇ ಕಂಪನಿಯಲ್ಲೇ ಎರಡೂ ಇರುತ್ತವೆ.

ಏರೋಸ್ಪೇಸ್‌ಗೆ ಬರೋಣ. ಡ್ರಾಯಿಂಗ್ ಮುಗಿಯುವ ಮೊದಲೇ ಮೀಟಿಂಗ್‌ಗೆ ಕರೆಯುವುದು ನಿಮಗೆ ಕಿರಿಕಿರಿ ಅನ್ನಿಸಿದೆ. ನನ್ನ ಪ್ರಕಾರ ನಾಲ್ವರಲ್ಲಿ ನಿಮಗೆ ಜಾಸ್ತಿ ಲಾಭ ಇರುವ ಕರೆ ಇದೇ. ಡಿಸೈನ್ ಮಾಡಿ ಮಾಡುವ ಕೆಲಸದಲ್ಲಿ ಫೋರ್‌ಕಾಸ್ಟ್ ಅನ್ನುವುದೇ ಇಲ್ಲ, ಸ್ಟಾಕ್ ಇಡಲು ಏನೂ ಇಲ್ಲ. ಇಲ್ಲಿ ಹಂಚಿಕೊಳ್ಳಬೇಕಾದದ್ದು ಡ್ರಾಯಿಂಗ್, ಅದರ ಬದಲಾವಣೆ, ಮತ್ತೆ ತಡವಾಗುವ ಸುದ್ದಿ. ‘ಈ ಮೂಲೆಯ ರೇಡಿಯಸ್ 2 ಇದೆ, 4 ಮಾಡಿದರೆ ದೊಡ್ಡ ಕಟ್ಟರ್ ಹೋಗುತ್ತದೆ, ಅರ್ಧ ಸಮಯ ಸಾಕು’ ಅಂತ ಡ್ರಾಯಿಂಗ್ ರಿಲೀಸ್ ಆಗುವ ಮೊದಲು ಹೇಳಿದರೆ ಐದು ನಿಮಿಷದಲ್ಲಿ ಆಗುತ್ತದೆ. ರಿಲೀಸ್ ಆದ ಮೇಲೆ ಅದೇ ಬದಲಾವಣೆಗೆ ಅಪ್ರೂವಲ್ ಸಿಗಲು ತಿಂಗಳು ಬೇಕಾಗಬಹುದು. ಹಾಗಾಗಿ ಹೋಗಿ. ಸುಮ್ನೆ ಹೋಗಬೇಡಿ, ಇಂಥ ಮೀಟಿಂಗ್‌ಗಳಿಗೆ ಬದಲಾಗಿ ಮೊದಲ ಲಾಟ್ ನಮ್ಮದು ಅಂತಲೋ, ಫಿಕ್ಸ್ಚರ್ ಹಣ ಬೇರೆ ಅಂತಲೋ ಒಪ್ಪಿಸಿಕೊಂಡು ಹೋಗಿ.

ಈ ಬಗೆಯಲ್ಲಿ ಅಪಾಯವೂ ದೊಡ್ಡದು. ಬೋಯಿಂಗ್ 787 ನೋಡಿ. ರೆಕ್ಕೆ ಜಪಾನಿನಲ್ಲಿ, ಒಡಲಿನ ತುಂಡುಗಳು ಇಟಲಿ, ಜಪಾನ್, ಸೌತ್ ಕೆರೊಲಿನಾದಲ್ಲಿ. ಪಾರ್ಟ್‌ನರ್‌ಗಳು ತಾವೇ ಡಿಸೈನ್ ಮಾಡಿ, ಒಳಗಿನ ವೈರಿಂಗ್ ಸಮೇತ ತುಂಬಿ ಕಳಿಸಬೇಕು, ಬೋಯಿಂಗ್ ಸಿಯಾಟಲ್ ಹತ್ತಿರದ ಎವರೆಟ್‌ನಲ್ಲಿ ಮೂರೇ ದಿನದಲ್ಲಿ ಜೋಡಿಸುವುದು ಅಂತ ಯೋಜನೆ. 2007ರ ಜುಲೈ 8ರಂದು ವಿಮಾನವನ್ನು ಜನರ ಮುಂದೆ ತಂದಾಗ ಎಷ್ಟೋ ಕಡೆ ತಾತ್ಕಾಲಿಕ ಫಾಸ್ಟನರ್‌ಗಳು, ಒಳಗೆ ಮಾಡಬೇಕಾದ ಕೆಲಸ ರಾಶಿ. ತುಂಡುಗಳು ಅರ್ಧಂಬರ್ಧ ಬಂದಿದ್ದವು, ಬಂದ ಮೇಲಷ್ಟೇ ಅದು ಸರಿಯಾಗಿ ತಿಳಿಯಿತು. 2008ಕ್ಕೆ ಕೊಡಬೇಕಿದ್ದ ಮೊದಲ ವಿಮಾನ ಜಪಾನಿನ ಎಎನ್‌ಎ ಏರ್‌ಲೈನ್ಸ್‌ಗೆ ಸಿಕ್ಕಿದ್ದು 2011ರ ಸೆಪ್ಟೆಂಬರ್‌ನಲ್ಲಿ. ನಡುವೆ ಸೌತ್ ಕೆರೊಲಿನಾದ ಒಂದು ಸಪ್ಲೈಯರ್ ಪ್ಲಾಂಟನ್ನು ಬೋಯಿಂಗ್ ತಾನೇ ಕೊಂಡುಕೊಳ್ಳಬೇಕಾಯಿತು. ರಿಸ್ಕ್ ಹಂಚಿದ್ದರು, ದುಡ್ಡಿನ ಹೊರೆ ಹಂಚಿದ್ದರು, ಆದರೆ ಯಾರ ಕೆಲಸ ಎಲ್ಲಿದೆ ಅಂತ ದಿನವೂ ಹೋಗಿ ನೋಡುವವರು ಕಡಿಮೆ ಇದ್ದರು.

ನಮ್ಮೂರಿನ ತೇಜಸ್ ಯುದ್ಧವಿಮಾನದಲ್ಲೂ ಕೆಲಸ ಹಂಚಿಯೇ ನಡೆಯುತ್ತಿದೆ. ಮುಂಭಾಗದ ಒಡಲು ಬೆಂಗಳೂರಿನ ಡೈನಮ್ಯಾಟಿಕ್, ರೆಕ್ಕೆ ಕೊಯಮತ್ತೂರಿನ ಎಲ್ ಆಂಡ್ ಟಿ, ನಡುವಿನ ಭಾಗ ಹೈದರಾಬಾದಿನ ವೆಮ್ ಟೆಕ್ನಾಲಜೀಸ್, ಜೋಡಣೆ ಎಚ್‌ಎಎಲ್. ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಆದರೂ ಅದರಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಇಂಥ ಸರಪಳಿಯಲ್ಲಿ ಯಾವುದೋ ಒಂದು ಭಾಗ ಬರದೇ ಹೋದರೆ ಉಳಿದ ಎಲ್ಲರ ತಯಾರಿ ಕಾಯಬೇಕು. ನಿಮಗೆ ಇದರ ಅರ್ಥ ಏನು? ‘ಅಸೆಂಬ್ಲಿ ಆದ ಮೇಲೆ ಪೇಮೆಂಟ್’ ಅನ್ನುವ ಸಾಲಿಗೆ ಸಹಿ ಹಾಕಬೇಡಿ. ನಿಮ್ಮ ಪಾರ್ಟ್ ಇನ್‌ಸ್ಪೆಕ್ಷನ್ ಪಾಸ್ ಆದ ದಿನದಿಂದ ಪೇಮೆಂಟ್ ಲೆಕ್ಕ ಶುರುವಾಗಬೇಕು. ಟೈಟಾನಿಯಂ ಥರದ ದುಬಾರಿ ಮೆಟೀರಿಯಲ್ ಅವರೇ ಕೊಡಲಿ, ನೀವು ಜಾಬ್ ವರ್ಕ್ ಮಾಡಿ. ಆಗ ಒಂದು ಪೀಸ್ ಹಾಳಾದರೆ ಮೆಟೀರಿಯಲ್ ದುಡ್ಡು ಯಾರದು, ಎಷ್ಟು ಪರ್ಸೆಂಟ್ ತನಕ ಮಾಫಿ ಅಂತ ಬರೆಸಿಕೊಳ್ಳಿ. ಪ್ರತಿ ಡ್ರಾಯಿಂಗ್ ರಿವಿಷನ್ ಬಂದಾಗ ಲೈನಿನಲ್ಲಿ ಇರುವ ಹಳೇ ಪೀಸ್‌ಗಳ ಎಣಿಕೆಯನ್ನು ಅವತ್ತೇ ಮೇಲ್ ಮಾಡಿ. ಒಂದು ವಾರ ಬಿಟ್ಟು ಹೇಳಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಅಂತಾರೆ, ಅವರು ಹಾಗೆ ಕೇಳುವುದರಲ್ಲಿ ತಪ್ಪೂ ಇಲ್ಲ.

ನಾಲ್ಕೂ ಜನ ಬಂದು ಸೇರುವುದು ಅದೇ ಎಂಟು ಮಷೀನ್‌ಗೆ. ಇದು ನಿಮ್ಮ ನಿಜವಾದ ತಲೆನೋವು. ಕಾನ್‌ಬಾನ್ ಕೆಲಸದ ಮಷೀನನ್ನು ಮಷೀನ್‌ನವರ ಅರ್ಜೆಂಟ್‌ಗೆ ಬಿಚ್ಚಬೇಡಿ, ಆಮೇಲೆ ಲೈನ್ ನಿಂತು ಆ ನಷ್ಟಕ್ಕೆ ನಿಮ್ಮ ಹಣ ಕಡಿತ ಮಾಡುವ ಡೆಬಿಟ್ ನೋಟ್ ಬಂದರೆ ಆ ಅರ್ಜೆಂಟ್‌ನಲ್ಲಿ ಗಳಿಸಿದ್ದು ಹೋಗುತ್ತದೆ. ಪಂಪ್ ಕೆಲಸ ಸೀಸನ್‌ಗೆ ಮುಂಚೆ ಮಾಡಿಡಬಹುದಾದದ್ದು, ಖಾಲಿ ಹೊತ್ತು ತುಂಬಲು ಅದು ಒಳ್ಳೆಯದು. ಆದರೆ ಅದನ್ನು ಧೈರ್ಯವಾಗಿ ಮಾಡಬೇಕಾದರೆ ಅವರ ಬಳಕೆಯ ಲೆಕ್ಕ ಕೈಯಲ್ಲಿರಬೇಕು. ಯಾರಾದರೂ ‘ನಿಮ್ಮ ಕೆಪ್ಯಾಸಿಟಿ ಹೇಳಿ’ ಅಂದರೆ ಗಂಟೆಯಲ್ಲಿ ಹೇಳಿ. ಮುಂದಿನ ತಿಂಗಳು ವಿಎಂಸಿಯಲ್ಲಿ ಇಷ್ಟು ಗಂಟೆ ಖಾಲಿ ಇದೆ, ಇಂಥ ತಾರೀಕಿನೊಳಗೆ ಹೇಳಿದರೆ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ. ಯಾರಿಗೆ ಯಾವ ಕೆಲಸ ಅಂತ ಹೇಳುವ ಅಗತ್ಯವಿಲ್ಲ.

ಒಂದು ಖಾರದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕಸ್ಟಮರ್ ಸರಿಯಾಗಿ ಫೋರ್‌ಕಾಸ್ಟ್ ಕೊಡಲ್ಲ ಅಂತ ಬೇಸರ ನಿಮಗೂ ಇರಬಹುದು. ನಿಮ್ಮ ಪ್ಲೇಟಿಂಗ್‌ನವರಿಗೆ, ಹೀಟ್ ಟ್ರೀಟ್‌ಮೆಂಟ್‌ನವರಿಗೆ, ಕ್ಯಾಸ್ಟಿಂಗ್ ಕಳಿಸುವ ಫೌಂಡ್ರಿಗೆ ನೀವು ಏನು ಕೊಡುತ್ತೀರಿ? ಶನಿವಾರ ಸಂಜೆ ಟೆಂಪೋದಲ್ಲಿ ಮಾಲು ಕಳಿಸಿ ‘ಸೋಮವಾರ ಬೇಕು ಸರ್’ ಅನ್ನುವವರು ನಮ್ಮಲ್ಲಿ ಬಹಳ. ಅವರಿಗೆ ವಾಟ್ಸಾಪ್‌ನಲ್ಲಿ ಪ್ರತಿ ಗುರುವಾರ ಮುಂದಿನ ವಾರದ ಅಂದಾಜು ಕಿಲೋ ಹೇಳಿ ನೋಡಿ. ಕ್ಯೂನಲ್ಲಿ ನಿಮ್ಮ ಲಾಟ್ ಮುಂದೆ ಬರುತ್ತದೆ, ದರ ಏರಿಸದೆಯೇ.

ದುಡ್ಡಿನ ವಿಷಯ ಬಿಟ್ಟು ಈ ಮಾತೆಲ್ಲ ಆಡಿದರೆ ವ್ಯರ್ಥ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇಲ್ಲದಿದ್ದರೆ ಮೊದಲು ಮಾಡಿಸಿ, ಇದ್ದರೆ ನಂಬರನ್ನು ಪ್ರತಿ ಇನ್‌ವಾಯ್ಸ್ ಮೇಲೆ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಿಮಗೆ ದುಡ್ಡು ಕೊಡಲು ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಜೊತೆಗೆ 2024ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲ್ಲರೂ 43ಬಿ(ಎಚ್) ಅಂತ ಕರೆಯುವ ನಿಯಮ ಬಂತು. ಮೈಕ್ರೋ, ಸ್ಮಾಲ್ ಉದ್ಯಮಕ್ಕೆ ಸಮಯಕ್ಕೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಕೊಳ್ಳುವವರು ಆ ವರ್ಷದ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷಕ್ಕೆ ಮಾತ್ರ. ಬಡ್ಡಿಗೆ ಯಾರೂ ಹೆದರುತ್ತಿರಲಿಲ್ಲ, ಕೇಳುವ ಧೈರ್ಯ ಯಾರಿಗಿದೆ ಹೇಳಿ. ತೆರಿಗೆಗೆ ಹೆದರುತ್ತಾರೆ. ಕಸ್ಟಮರ್ ಟರ್ನೋವರ್ 250 ಕೋಟಿ ಮೇಲಿದ್ದರೆ ಅವರು ಟ್ರೆಡ್ಸ್ ಅನ್ನುವ ಆನ್‌ಲೈನ್ ಬಿಲ್ ಡಿಸ್ಕೌಂಟ್ ವೇದಿಕೆಯಲ್ಲಿ ಇರಲೇಬೇಕು. ಅವರು ಒಪ್ಪಿದ ಬಿಲ್ಲನ್ನು ನೀವು ಅಲ್ಲಿ ಬ್ಯಾಂಕಿಗೆ ಡಿಸ್ಕೌಂಟ್ ಮಾಡಿ ಬೇಗ ದುಡ್ಡು ತರಬಹುದು, ಅದೂ ಅವರ ರೇಟಿಂಗ್ ನೋಡಿ ನಿಗದಿಯಾಗುವ ಬಡ್ಡಿಗೆ. ಪಾರ್ಟ್‌ನರ್ ಅನ್ನುವವರು ಬಿಲ್ಲನ್ನು ಅಲ್ಲಿ ಬೇಗ ಅಪ್ರೂವ್ ಮಾಡಿಕೊಡಲಿ, ಅವರಿಗೆ ಕೈಯಿಂದ ಒಂದು ಪೈಸೆ ಹೋಗಲ್ಲ.

ಈಗ ಮತ್ತೆ ಪಂಪ್‌ನವರ ಅಗ್ರಿಮೆಂಟ್. ಅದರಲ್ಲಿ ನೋಡಬೇಕಾದ ದೊಡ್ಡ ಬಲೆ ಇದು. ಬಳಸಿದ ದಿನದಿಂದ ಬಿಲ್ ಅಂದರೆ, 45 ದಿನದ ಲೆಕ್ಕವನ್ನೂ ಅವರು ಬಳಸಿದ ದಿನದಿಂದಲೇ ಹಿಡಿಯುತ್ತಾರೆ. ಮಾಲು ಮೂರು ತಿಂಗಳು ಅಲ್ಲೇ ಕೂತರೆ ನಿಮ್ಮ ಹಣ ನಾಲ್ಕೂವರೆ ತಿಂಗಳು ಹೊರಗೆ. ಹಾಗಾಗಿ ಸಹಿಗೆ ಮೊದಲು ಅವರ ಪ್ಲಾನಿಂಗ್‌ನವರಿಗೆ, ಪರ್ಚೇಸ್‌ಗೆ ಕಾಪಿ ಹಾಕಿ, ಒಂದು ಮೇಲ್ ಬರೆಯಿರಿ. ಅದರಲ್ಲಿ ಹೀಗೆ ಇರಲಿ: ‘ಕಳೆದ 12 ತಿಂಗಳ ವಾರವಾರದ ಬಳಕೆ ಕೊಡಿ. ಇನ್ನು ಮುಂದೆ ದಿನದ ಬಳಕೆ, ಸ್ಟಾಕ್ ಎರಡೂ ನಮಗೆ ಕಾಣುವ ಹಾಗೆ ಮಾಡಿ, ಎಕ್ಸೆಲ್ ಕಳಿಸಿದರೂ ಸಾಕು. ಇಟ್ಟು 30 ದಿನವಾದರೂ ಬಳಸದ ಮಾಲಿಗೆ ತಾನಾಗಿ ಬಿಲ್ ಆಗಬೇಕು. ಸ್ಟೋರ್ಸ್‌ನಲ್ಲಿ ಕಳೆದುಹೋದರೆ, ತುಕ್ಕು ಹಿಡಿದರೆ ಅದು ನಿಮ್ಮ ಲೆಕ್ಕಕ್ಕೆ. ಡಿಸೈನ್ ಬದಲಾದರೆ ಗರಿಷ್ಠ ಮಿತಿಯ ತನಕ ಇರುವ ಸ್ಟಾಕ್, ಅದರ ಮೇಲೆ ನಮ್ಮ ಶೆಡ್ಡಿನಲ್ಲಿ ಇರುವ ನಾಲ್ಕು ವಾರದ ಮಾಲು ನೀವು ತೆಗೆದುಕೊಳ್ಳಬೇಕು.’ ಇಂಥ ಸ್ಟಾಕ್‌ಗೆ ಜಿಎಸ್‌ಟಿ ಇನ್‌ವಾಯ್ಸ್ ಯಾವಾಗ ಹಾಕಬೇಕು ಅಂತ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಮೇಲ್‌ಗೆ ಅವರ ಪ್ಲಾನಿಂಗ್‌ನವರಿಂದ ಉತ್ತರ ಬಂದು ಬಳಕೆಯ ಲೆಕ್ಕ ಸಿಕ್ಕರೆ ಒಂದೇ ಶಾಫ್ಟ್‌ನಲ್ಲಿ ಮೂರು ತಿಂಗಳು ಟ್ರಯಲ್ ಮಾಡಿ. ಪರ್ಚೇಸ್‌ನವರು ಮಾತ್ರ ಫೋನ್ ಮಾಡಿ ‘ಇದೆಲ್ಲ ಯಾಕೆ, ನಂಬಿಕೆ ಇಲ್ವಾ’ ಅಂದರೆ, ಈಗ ನಡೆಯುತ್ತಿರುವ ಪಿಒ (ಪರ್ಚೇಸ್ ಆರ್ಡರ್) ಲೆಕ್ಕದಲ್ಲೇ ಮುಂದುವರಿಯೋಣ ಸರ್ ಅನ್ನಿ.